ಆಚಾರ್ರ ಮೊಳ

ನನ್ನ ಗಂಡನ ಬಲಗೈ, ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ, ಎಷ್ಟು ಉದ್ದವಿದೆ ಎಂಬುದು ನಮ್ಮೂರಿನ ಎಲ್ಲರಿಗೂ ಗೊತ್ತು. ಹಿನ್ನೀರಿನ ಮೀನುಗಳಿಗೂ ಗೊತ್ತಿರಬೇಕು. ಗೊತ್ತಿಲ್ಲದವಳು ನಾನೊಬ್ಬಳೇ ಇದ್ದೆ. ಇಷ್ಟು ವರ್ಷ ಆ ಕೈಗೆ ತುಪ್ಪ ಬಡಿಸಿದವಳು ನಾನು, ಅದನ್ನು ಅಳೆದು ಕಾನೂನು ಮಾಡಿದವರು ಮೀನು ಹಿಡಿಯುವವರು! ಕೇಳಿದವರು ನಗುತ್ತಾರೆ. ನಗಲಿ. ನನಗೂ ಮೊದಲು ಸಿಟ್ಟು ಬಂದಿತ್ತು, ಆಮೇಲೆ ಅಳು ಬಂತು, ನಗು ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಇವರ ಹೆಸರು ವೆಂಕಣ್ಣ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮ ಅತ್ತೆ ಕಲಿಸಿದ್ದರು, ಬರೆಯಬಾರದೆಂದು ಕಲಿಸಿರಲಿಲ್ಲ. ಆದ್ದರಿಂದ ಧೈರ್ಯವಾಗಿ ಬರೆದಿದ್ದೇನೆ. ಸವದತ್ತಿ ಡ್ಯಾಮಿನ ಹಿನ್ನೀರು ಬಂದು ಮುಟ್ಟುವ ದಂಡೆಯ ಮೇಲೆ ನಮ್ಮ ಊರು. ಮಾರುತಿ ಗುಡಿಯ ಪೂಜೆ ನಮ್ಮ ಮನೆತನದ್ದು. ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಇವರು ಬೆಳಗ್ಗೆ ಹನುಮಪ್ಪನಿಗೆ ನೀರೆರೆದು, ಬಸ್ಸು ಹತ್ತಿ ಯರಗಟ್ಟಿಗೆ ಹೋಗಿ, ಅಲ್ಲೊಂದು ಅಡತಿ ಅಂಗಡಿಯಲ್ಲಿ ಕಾಳು ತೂಗುತ್ತಿದ್ದರು. ರೈತ ಕಣ್ಣು ಕೆಂಪು ಮಾಡಿದರೂ ಅಷ್ಟೇ ತೂಕ, ವ್ಯಾಪಾರಿ ಚಹಾ ತರಿಸಿದರೂ ಅಷ್ಟೇ ತೂಕ. ಮನೆಯಲ್ಲೂ ಇದೇ ಗುಣ. ಹೊಸ ಸೀರೆ ಉಟ್ಟು ಎದುರಿಗೆ ನಿಂತು, "ಹೆಂಗ ಕಾಣಸ್ತದ್ರೀ?" ಎಂದು ಕೇಳಿದರೆ, "ಹಳೇದ ಚಂದ ಇತ್ತು" ಎನ್ನುವ ಮನುಷ್ಯ. ಇಂಥವರ ಜೊತೆ ಬಾಳುವೆ ಮಾಡಿದ್ದಕ್ಕೆ ನನಗೆ ಸರಕಾರ ಪೆನ್ಷನ್ ಕೊಡಬೇಕು.

ಯರಗಟ್ಟಿಯ ಕೆಲಸ ಬಿಟ್ಟು ಇವರು ಮನೆಯಲ್ಲಿ ಕುಳಿತ ವರ್ಷವೇ ಊರಿನಲ್ಲಿ ಬಾಳಿ ಮೀನಿನ ಗದ್ದಲ ಎದ್ದದ್ದು. ಬಾಳಿ ಎಂದರೆ ಈ ನೀರಿನ ದೊಡ್ಡ ಮೀನು. ಉದ್ದನೆಯ ಮೈ, ಅಗಲ ಬಾಯಿ, ಮುಖಕ್ಕೆ ಉದ್ದುದ್ದ ಮೀಸೆ ಅಂತೆ. ಅಂತೆ ಎಂದೆ, ಏಕೆಂದರೆ ಆಗ ನಾನು ಅದನ್ನು ನೋಡಿರಲಿಲ್ಲ. ಮೀನಿನ ಬುಟ್ಟಿ ಎದುರಾದರೆ ಸೆರಗು ಮೂಗಿಗೆ ಹಿಡಿದು ಬೇರೆ ದಾರಿ ಹಿಡಿಯುತ್ತಿದ್ದೆ. ಮುಂಚೆ ಪ್ರತಿ ಬಲೆಗೂ ಬೀಳುತ್ತಿದ್ದ ಬಾಳಿ ಬರಬರುತ್ತಾ ಕಾಣೆಯಾಗಿತ್ತು. ಸಿಕ್ಕರೂ ಗೇಣುದ್ದದ ಮರಿ. ಸುತ್ತಲಿನ ಊರಿನವರೆಲ್ಲ ಸೇರಿ ಕಟ್ಟಿಕೊಂಡ ಮೀನುಗಾರರ ಸಂಘಕ್ಕೆ ಬಾಯವ್ವ ಅಧ್ಯಕ್ಷೆ. ಗಂಡ ಉಳವಪ್ಪ ತೆಪ್ಪ ನಡೆಸುತ್ತಾನೆ, ಬಾಯವ್ವ ಊರು ನಡೆಸುತ್ತಾಳೆ. ಆಕೆ ಸಂಘದವರನ್ನೆಲ್ಲ ಗುಡಿಯ ಕಟ್ಟೆಗೆ ಕರೆದಳು. ಮೀನುಗಾರಿಕೆ ಇಲಾಖೆಯ ಜ್ಯೋತ್ಸ್ನಾ ಮೇಡಂ ಕೂಡ ಬಂದಿದ್ದರು. ನಾನು ಗುಡಿಯೊಳಗೆ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದೆ. ಕಿವಿಯೆಲ್ಲ ಹೊರಗೇ ಇತ್ತು.

"ಹೊಸಾ ನೀರ ಬಂದಾಗ ಬಾಳಿ ತತ್ತಿ ಇಡಾಕ ಹಳ್ಳದಾಗ ಏರಿ ಬರತೈತಿ. ನಾವು ಅಲ್ಲೇ ಬಲಿ ಹಿಡಕೊಂಡ ನಿಂತಿರತೇವಿ. ತುಂಬಿದ ಬಸರಿ ತವರಮನಿಗೆ ಹೊಂಟಾಗ ದಾರ್ಯಾಗ ಅಡ್ಡಗಟ್ಟಿ ಹೊಡದಂಗ ಅಲ್ಲೇನು ಇದು?" ಎಂದು ಬಾಯವ್ವ ಶುರು ಮಾಡಿದಳು. ಮೊದಲ ಎರಡು ಕಟ್ಟಳೆ ಸಲೀಸಾಗಿ ಆದವು. ಮಿರಗದ, ಅಂದರೆ ಮೃಗಶಿರದ, ಮಳೆ ಕೂಡಿದ ದಿನದಿಂದ ನೀರು ತುಂಬಿ ತಿಳಿಯಾಗುವ ತನಕ ಬಾಳಿಗೆ ಬಲೆ ಹಾಕುವಂತಿಲ್ಲ. ಉಳಿದ ಕಾಲದಲ್ಲಿ ವಾರಕ್ಕೆ ಒಂದು ತೆಪ್ಪಕ್ಕೆ ಒಂದೇ ಬಾಳಿ. ಮೂರನೆಯದಕ್ಕೆ ಬಂದಾಗ ಜಗಳ ಹತ್ತಿತು. ಸಣ್ಣ ಬಾಳಿಯನ್ನು ಜೀವಂತ ನೀರಿಗೆ ಬಿಡಬೇಕು, ಅದು ಒಮ್ಮೆಯಾದರೂ ತತ್ತಿ ಇಟ್ಟಿರಬೇಕು ಎಂದು ಹೇಳಿ ಮೇಡಂ ಚೀಲದಿಂದ ಅಳತೆಪಟ್ಟಿ ತೆಗೆದರು.

"ತೆಪ್ಪದಾಗ ಪಟ್ಟಿ ಎಲ್ಲಿ ಇಟಗೊಳ್ಳೂದ್ರಿ ಮೇಡಂ? ಅದು ನೀರಾಗ ಬಿದ್ರ ನಾವು ಮೀನ ಹಿಡಿಯೂದೋ, ಪಟ್ಟಿ ಹಿಡಿಯೂದೋ?" ಎಂದ ಶಂಕರೆಪ್ಪ. ಇವನದು ಸಂಘದಲ್ಲೇ ಜೋರು ಬಾಯಿ. "ಕೈ ಅಂದ್ರ ಯಾವಾಗಲೂ ಕೂಡ ಇರತೈತಿ. ಎರಡ ಮೊಳ ಅಂತ ಮಾಡ್ರಿ, ಮುಗೀತು."

ಎರಡು ಮೊಳವಾದರೆ ಅಡ್ಡಿಯಿಲ್ಲ ಎಂದು ಮೇಡಂ ಒಪ್ಪಿ ಬಸ್ಸು ಹತ್ತಿದರು. ಅವರು ಹೋದ ಮರುದಿನವೇ ಎಲ್ಲರಿಗೂ ಹೊಳೆಯಿತು: ಮೊಳ ಸರಿ, ಯಾರ ಮೊಳ? ಶಂಕರೆಪ್ಪ ತನ್ನ ಅತ್ತೆ ಶೆಟ್ಟೆವ್ವನನ್ನು ಕೈ ಹಿಡಿದು ಕಟ್ಟೆಗೆ ಕರೆತಂದ. ಶೆಟ್ಟೆವ್ವ ಹಿಡಿಯಷ್ಟು ಇದ್ದಾಳೆ. ಗುಡಿಯ ಗಂಟೆ ಹೊಡೆಯಬೇಕಾದರೆ ಯಾರಾದರೂ ಎತ್ತಿಕೊಳ್ಳಬೇಕು. "ಊರಿಗೆ ಹಿರೇಮನಶ್ಯಾಳು. ಇಕಿ ಮೊಳಾನ ಹಿಡೀರಿ" ಎಂದ. ತನ್ನನ್ನು ಯಾತಕ್ಕೆ ಕರೆತಂದಿದ್ದಾನೆಂದು ಆ ಮುದುಕಿಗೆ ಗೊತ್ತಿರಲಿಲ್ಲ. ಬಳೆ ಇಡಿಸುತ್ತಾರೆಂದು ತಿಳಿದು ಸಂಭ್ರಮದಿಂದ ಎರಡೂ ಕೈ ಮುಂದೆ ಚಾಚಿದಳು. ಇನ್ನೊಬ್ಬ, ಗಿಡದಿಂದ ಬಿದ್ದು ಮುರಿದು ಕೂಡಿದ್ದ ತನ್ನ ಸೊಟ್ಟ ಕೈಯನ್ನೇ ಮುಂದೆ ಮಾಡಿ, "ಇದರಕಿಂತ ಪಕ್ಕಾ ಮೊಳ ಎಲ್ಲಿ ಸಿಗತೈತಿ?" ಎಂದ.

"ಥೂ ನಿಮ್ಮ! ಹೂ ಮಾರೋರು ಮೊಳಾ ಹಾಕಿದಂಗ ಹಾಕಾಕ ಹತ್ತೀರಲ್ಲೋ!" ಎಂದು ಬಾಯವ್ವ ಗುಡುಗಿದಳು. ಅದೇ ಹೊತ್ತಿಗೆ ನಮ್ಮವರು ಮಂಗಳಾರತಿ ತಟ್ಟೆ ಹಿಡಿದು ಗುಡಿಯಿಂದ ಹೊರಗೆ ಬರಬೇಕೇ? ಬಾಯವ್ವನ ಕಣ್ಣು ಇವರ ಮೇಲೆ ನಿಂತಿತು. "ಮೀನ ತಿನ್ನೋರ ಮೊಳಾ ಮೀನ ನೋಡಿದ ಕೂಡ್ಲೆ ಗಿಡ್ಡ ಆಗತೈತಿ. ನಮಗ ತಿನ್ನದವರ ಮೊಳಾ ಬೇಕು. ತಟ್ಟಿ ಕೆಳಗ ಇಟ್ಟು ಕೈ ಚಾಚ್ರಿ, ಆಚಾರ್ರ."

ಎಲ್ಲರೂ ಹೌದ್ಹೌದು ಎಂದರು. ತೂಕದ ಆಚಾರ್ರು, ಯಾರ ಕಡೆಗೂ ವಾಲುವವರಲ್ಲ, ಇವರೇ ಸೈ ಎಂದರು. ಆಮೇಲೆ ಇವರು ಕೈ ಚಾಚಿದರು. ನಮ್ಮವರು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಕೈಯೂ ಅದಕ್ಕೆ ತಕ್ಕದ್ದೇ. ಚಾಚಿದ ಕೈ ಮುಗಿಯಲೇ ಒಲ್ಲದು. ಕಟ್ಟೆಯ ಮೇಲಿದ್ದವರ ಮುಖ ಒಂದೊಂದಾಗಿ ಇಳಿಯಿತು. "ಯಪ್ಪಾ, ಇದು ಮೊಳಾ ಅಲ್ಲ, ಬಾವಿ ಹಗ್ಗ!" ಎಂದು ಶಂಕರೆಪ್ಪ ತಲೆ ಮೇಲೆ ಕೈ ಹೊತ್ತ. ಆದರೆ ಒಪ್ಪಿದ ಮಾತು ಒಪ್ಪಿಯಾಗಿತ್ತು. ಬಾಯವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡದ್ದನ್ನು ನಾನು ಗುಡಿಯ ಬಾಗಿಲ ಸಂದಿಯಿಂದ ನೋಡಿದೆ. ಆಕೆಗೆ ಆ ಕೈಯ ಉದ್ದ ಮೊದಲೇ ಗೊತ್ತಿತ್ತು, ನಾನು ಆಣೆ ಮಾಡಿ ಹೇಳುತ್ತೇನೆ.

ಮನೆಗೆ ಬಂದ ಮೇಲೆ ನಾನು ಬಿಟ್ಟೇನೆಯೇ? "ಅಲ್ರೀ, ಹನುಮಪ್ಪಗ ನೀರ ಹಾಕೋ ಕೈಲೆ ಮೀನ ಅಳೀತೀರೇನು? ತಲಿ ನೆಟ್ಟಗ ಅದನೋ ಇಲ್ಲೋ?" ಎಂದೆ.

"ಮುಟ್ಟಂಗಿಲ್ಲ ರಾಧಾ. ಮ್ಯಾಲಿಂದ ಅಳೀತೀನಿ" ಎಂದರು ಇವರು, ಚಾಪೆಯ ಮೇಲೆ ನಿಶ್ಚಿಂತೆಯಿಂದ ಕಾಲು ಚಾಚುತ್ತಾ.

ಮುಟ್ಟುವುದಿಲ್ಲವಂತೆ! ಮೀನಿಗೆ ಇದನ್ನು ಯಾರು ಹೇಳಬೇಕು? ದಂಡೆಯ ಮೇಲೆ ಹಸಿ ಗೋಣಿತಾಟು ಹಾಸಿ ಬಾಳಿಯನ್ನು ಮಲಗಿಸುತ್ತಿದ್ದರು. ಇವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೈಯನ್ನು ಗಾಳಿಯಲ್ಲಿ ತೇಲಿಸಿ ಅಳೆಯುತ್ತಿದ್ದರು. ಮೊದಲ ದಿನವೇ ಒಂದು ಬಾಳಿ ಬಾಲ ಎತ್ತಿ ಇವರ ಕಪಾಳಕ್ಕೆ ಫಟಾರೆಂದು ಬಾರಿಸಿತು. ನಾನು ಬಹಳ ದಿನದಿಂದ ಮಾಡಬೇಕೆಂದಿದ್ದ ಕೆಲಸ ಅದು, ಮೀನು ಮಾಡಿ ಮುಗಿಸಿತು. ಹಿತ್ತಲಲ್ಲಿ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿದು, ಆಮೇಲೆಯೇ ಒಳಗೆ ಬಿಟ್ಟುಕೊಂಡೆ. ದಿನಾಲೂ ಇದೇ ನಡೆಯಿತು. ನನಗೆ ಸಿಟ್ಟು ಬಂದು ಅಳುತ್ತಾ ನೀರು ಹಾಕಿದ ದಿನಗಳೂ ಇದ್ದವು. ಒಮ್ಮೆ ಮಾತ್ರ, ಇವರು ನಿಜವಾಗಿ ಏನು ಮಾಡುತ್ತಾರೋ ನೋಡಿ ಬೈಯೋಣವೆಂದು ಸೆರಗು ಮೂಗಿಗೆ ಹಿಡಿದು ದಂಡೆಗೆ ಹೋದೆ. ಅಳತೆಗೆ ಬಾರದ ಮರಿಬಾಳಿಯೊಂದನ್ನು ಉಳವಪ್ಪ ನೀರಿಗೆ ಇಳಿಸುತ್ತಿದ್ದ. ಅದು ಸ್ವಲ್ಪ ಹೊತ್ತು ದಿಕ್ಕು ತೋಚದೆ ಅಲ್ಲೇ ನಿಂತಿತ್ತು. ನಮ್ಮವರು ಬಗ್ಗಿ ಮೆಲ್ಲಗೆ, "ಹೋಗವ್ವಾ, ದೊಡ್ಡಾಕಿ ಆಗಿ ಬಾ" ಎಂದರು. ನಮಗೆ ಮಕ್ಕಳಿಲ್ಲ. ಆ ದನಿಯನ್ನು ನಾನು ಅವರ ಬಾಯಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ಬೈಯುವುದನ್ನು ಮರೆತು ಮನೆಗೆ ಬಂದು ನೀರು ಕಾಯಿಸಿಟ್ಟೆ.

ಬಾಯವ್ವನ ಮಗಳು ಅನ್ನಪೂರ್ಣಾಳಿಗೆ ರಾಮದುರ್ಗದ ಅರ್ಜುನನ ಜೊತೆ ಮದುವೆ ಗೊತ್ತಾದಾಗ ಕಥೆ ಬಿಗಿಯಾಯಿತು. ಅರ್ಜುನನ ಮನೆತನವೂ ಹೊಳೆಯ ದಂಡೆಯದೇ. ಮೀನುಗಾರರ ಮಂದಿಯಲ್ಲಿ ಒಂದು ಪದ್ಧತಿ ಇದೆ. ಮದುವೆಯ ಮರುದಿನ ಬೀಗರ ಊಟದಲ್ಲಿ, ಗಂಡಿನ ಕಡೆಯ ಹಿರಿಯನ ಎಲೆಗೆ ಬಾಳಿಯ ತಲೆ ಬಡಿಸಬೇಕು. ಅವನು ಅದನ್ನು ಮುಟ್ಟಿದ ಮೇಲೆಯೇ ಉಳಿದವರು ಕೈ ಹಾಕುವುದು. ತಲೆ ಇಲ್ಲದ ಎಲೆ ಹಾಕಿದರೆ ಹೆಣ್ಣಿನವರು ತಾತ್ಸಾರ ಮಾಡಿದರೆಂದು ಅರ್ಥ. ಆ ಮಾತನ್ನು ಹುಡುಗಿ ಗಂಡನ ಮನೆಯಲ್ಲಿ ವರ್ಷಗಟ್ಟಲೆ ಕೇಳಬೇಕಾಗುತ್ತದೆ. ಅರ್ಜುನನ ಅಜ್ಜ ಮಲಕಾಜಪ್ಪ ಮೊದಲೇ ಮೂಗಿನ ಮೇಲೆ ಸಿಟ್ಟಿನ ಮನುಷ್ಯ. ನಿಶ್ಚಯದ ದಿನವೇ, "ಬಾಳಿ ತಲಿ ದೊಡ್ಡದಿರಬೇಕು ನೋಡ್ರಿ ಮತ್ತ" ಎಂದು ಹೇಳಿ ಹೋಗಿದ್ದ.

ಮಿರಗ ಇನ್ನೂ ಕೂಡಿರಲಿಲ್ಲ, ಬಲೆ ಹಾಕಲು ಅಡ್ಡಿಯಿರಲಿಲ್ಲ. ಆದರೆ ಆ ವಾರ ಯಾರ ಬಲೆಗೂ ಬಾಳಿ ಬೀಳಲೊಲ್ಲದು. ಉಳವಪ್ಪ ಮಗಳ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬಿದ್ದ ಮೇಲೂ ತೆಪ್ಪ ಬಿಟ್ಟು ಇಳಿಯಲಿಲ್ಲ. ಬೀಗರ ಊಟದ ದಿನ ನಸುಕಿನಲ್ಲಿ ಕೊನೆಗೂ ಒಂದು ಸಿಕ್ಕಿತು. ತಾಮ್ರದ ಹಂಡೆಯ ನೀರಿನಲ್ಲಿ ಜೀವಂತ ಹೊತ್ತು ತಂದರು. ಇವರನ್ನು ಕರೆಸಿದರು. ಊಟಕ್ಕೆ ಬೇರೆ ಒಲೆ ಹೂಡಿ ನಮಗೆ ಹೋಳಿಗೆ ಮಾಡಿಸುತ್ತೇವೆಂದು ಬಾಯವ್ವ ಆಣೆ ಹಾಕಿ ಕರೆದಿದ್ದರಿಂದ ನಾನೂ ರೇಶ್ಮೆ ಸೀರೆ ಉಟ್ಟು ಅಲ್ಲೇ ಇದ್ದೆ. ಹಂಡೆಯ ಸುತ್ತ ಹೆಣ್ಣಿನವರು, ಗಂಡಿನವರು ಎಲ್ಲ ನೆರೆದಿದ್ದರು.

ಬಾಳಿಯನ್ನು ಗೋಣಿತಾಟಿನ ಮೇಲೆ ಮಲಗಿಸಿದರು. ನೋಡಿದರೇ ಗೊತ್ತಾಗುತ್ತಿತ್ತು, ಕಡಿಮೆಯಿದೆ. ನಾಲ್ಕು ಬೆರಳಿನಷ್ಟು ಕಡಿಮೆ. ಬಾಯವ್ವ ಇವರ ಮುಖವನ್ನು ನೋಡಿದಳು ಅಷ್ಟೇ. ಅರಿಸಿನ ಹಚ್ಚಿಕೊಂಡ ಅನ್ನಪೂರ್ಣಾ ಕಂಬದ ಹಿಂದೆ ನಿಂತಿದ್ದಳು, ಚಿಕ್ಕಂದಿನಲ್ಲಿ ನಮ್ಮ ಗುಡಿಯಲ್ಲಿ ಕೋಸಂಬರಿಗೆ ಕೈ ಚಾಚಿ ನಿಲ್ಲುತ್ತಿದ್ದ ಹುಡುಗಿ. ಇವರು ಕುಳಿತರು, ಕೈ ಚಾಚಿದರು. ಆಗ ನಾನು ಕಂಡೆ: ನನ್ನ ಗಂಡ ಬೆರಳು ಮಡಚಿದ್ದರು! ಸ್ವಲ್ಪವೇ, ಗಂಟಿನ ಹತ್ತಿರ. ವ್ಯಾಪಾರಿಯ ಚಹಾಕ್ಕೆ ಬಗ್ಗದ ಕೈ ಹುಡುಗಿಯ ಮುಖ ನೋಡಿ ಬಗ್ಗಿತ್ತು. ಎರಡನೆಯ ಮೊಳವೂ ಹಾಗೆಯೇ ಬಂತು. "ಸಾಕಷ್ಟು ಅದ... ಅನಸ್ತದ" ಎಂದರು. ಅಯ್ಯ ರಾಮಾ, ಯಾರೂ ನೋಡದಿರಲಿ ಎಂದುಕೊಂಡೆ.

"ಬೆರಳ ಚಾಚ್ರಿ, ಆಚಾರ್ರ" ಎಂದಳು ಬಾಯವ್ವ.

ಇವರು ತಲೆ ತಗ್ಗಿಸಿ ಬೆರಳು ಚಾಚಿದರು. ನಾಲ್ಕು ಬೆರಳು ಕಡಿಮೆ.

"ಇವತ್ತ ನನ್ನ ಮಗಳ ಸಲುವಾಗಿ ಬೆರಳ ಮಡಚಿದ್ರ, ನಾಳೆ ಶಂಕರೆಪ್ಪನ ಮಗನ ಸಲುವಾಗಿ ಮಡಚಬೇಕಾಗತೈತಿ. ನಾಡದ ಈ ನೀರಾಗ ಬಾಳಿನ ಇರೂದಿಲ್ಲ" ಎಂದಳು ಬಾಯವ್ವ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮಾತು ಗಟ್ಟಿಯಾಗಿತ್ತು. ತಾನೇ ಹಂಡೆಗೆ ಮೀನನ್ನು ಹಾಕಿ ಗಂಡನ ಕೈಗೆ ಕೊಟ್ಟಳು. ಉಳವಪ್ಪ ಹೊತ್ತುಕೊಂಡು ದಂಡೆಗೆ ಹೊರಟ. ನಮ್ಮವರು ಅವನ ಹಿಂದೆ ಹೋದರು.

ಮಲಕಾಜಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ, "ಹಂಗಾದ್ರ ನನ್ನ ಎಲೀಗೆ ಏನ ಹಾಕತೀರಿ? ಗಾಳೀನೋ?" ಎಂದ.

ಆ ಮಾತಿಗೆ ನನಗೆ ಬಂದ ಸಿಟ್ಟು ಹೇಳತೀರದು. ಹುಡುಗಿ ಕಂಬದ ಹಿಂದೆ ಅಳುತ್ತಿದೆ, ಈ ಮುದುಕನಿಗೆ ತಲೆಯ ಚಿಂತೆ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದೆ. "ಬಾಳಿ ತಲಿ ಬೇಕಲ್ರೀ ಅಜ್ಜಾರ? ಕೂಡ್ರಿ. ನಾ ಮಾಡಿ ಹಾಕ್ತೀನಿ" ಎಂದೆ. ಹೇಳಿದ ಮೇಲೆ ನನಗೇ ಗಾಬರಿ. ಮೀನು ಮುಟ್ಟದವಳು ಏನು ಮಾಡಿ ಹಾಕುವುದು? ಆದರೆ ನಮಗೆಂದು ಹೂಡಿದ್ದ ಒಲೆಯ ಬಳಿ ಕೊಳಗದ ತುಂಬ ಹೋಳಿಗೆಯ ಹೂರಣ ಇತ್ತು, ಹದವಾಗಿ ನೆನೆದ ಕಣಕ ಇತ್ತು, ಬುಂದೆ ಕರಿಯುವ ದೊಡ್ಡ ಕಡಾಯಿ ಇತ್ತು.

ಕರಿಗಡಬು ನಾನು ಸಣ್ಣ ಹುಡುಗಿಯಾಗಿದ್ದಾಗಿನಿಂದ ಮಾಡಿದ್ದೇನೆ. ಎರಡು ಮೊಳದ್ದು ಮಾತ್ರ ಅವತ್ತೇ ಮೊದಲು. ತಲೆ ಬೇರೆ, ನಡು ಬೇರೆ, ಬಾಲ ಬೇರೆ ಲಟ್ಟಿಸಿ ಹೂರಣ ತುಂಬಿದೆ. ಕಣ್ಣಿಗೆ ಮಣೂಕ ದ್ರಾಕ್ಷಿ, ಮೀಸೆಗೆ ಶಾವಿಗೆ. ಬೆಳಗ್ಗೆ ಇವರ ಬೆರಳು ನೋಡುವುದರಲ್ಲಿ ಮೀನಿನ ಮೈಯನ್ನು ಸರಿಯಾಗಿ ನೋಡಿರಲಿಲ್ಲ. ಮೈಮೇಲೆ ಚಮಚದ ತುದಿಯಿಂದ ಚಂದಾಗಿ ಹುರುಪೆಗಳನ್ನು ಒತ್ತುತ್ತಿದ್ದೆ, ಶೆಟ್ಟೆವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಊರವರು ನನ್ನನ್ನು ಕರೆಯುವುದು ಬಾಯಾರ ಎಂದೇ. "ಯವ್ವಾ ಬಾಯಾರ! ಬಾಳಿಗೆ ಹುರುಪಿ ಇರೂದಿಲ್ಲವ್ವಾ! ಅದರ ಮೈ ನಿಮ್ಮ ರೇಶ್ಮಿ ಸೀರಿ ಹಂಗ ನುಣ್ಣಗ ಇರತೈತಿ!" ಅಡುಗೆಮನೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅನ್ನಪೂರ್ಣಾ ಕಣ್ಣೊರೆಸಿಕೊಂಡು ಬಂದು ತಾನೇ ಎಣ್ಣೆ ಹಚ್ಚಿ ಹುರುಪೆಗಳನ್ನು ಸವರಿ ನುಣ್ಣಗೆ ಮಾಡಿದಳು, ಬಾಯಿ ಎಷ್ಟು ಅಗಲ ಇರಬೇಕೆಂದು ತೋರಿಸಿದಳು. ಕರಿದು ತೆಗೆದು, ಬಾಳೆಲೆಗಳ ಮೇಲೆ ಮೂರನ್ನೂ ಜೋಡಿಸಿದೆವು. ದಂಡೆಯಿಂದ ಬಂದ ನಮ್ಮವರನ್ನು ಕೈ ಹಿಡಿದು ಎಳೆತಂದು, "ಅಳೀರಿ" ಎಂದೆ.

ಇವರು ಬೆರಳು ಪೂರ್ತಿ ಚಾಚಿ ಅಳೆದರು. ಎರಡು ಮೊಳ, ಮೇಲೆ ಇನ್ನೂ ಒಂದಿಷ್ಟು. "ಎರಡ ಮೊಳಕ್ಕ ಜಾಸ್ತಿ ಅದ. ಹಿಡೀಬಹುದು!" ಎಂದು ಕೂಗಿದರು. ಚಪ್ಪರವೇ ಕುಣಿದಂತಾಯಿತು.

ತಲೆಯನ್ನು ಮಲಕಾಜಪ್ಪನ ಎಲೆಗೆ ನಾನೇ ಬಡಿಸಿದೆ. ಮುದುಕ ಅದನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಒಂದು ಮೀಸೆ ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ಕಣ್ಣು, ಆಮೇಲೆ ದವಡೆ. ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲವೆಂದು ನನಗೆ ಆಗ ತಿಳಿಯಿತು. "ವರ್ಸಾ ವರ್ಸಾ ಆ ತಲಿ ಕಡ್ಯಾಕ ಆಗದ ಬರೇ ಮುಟ್ಟಿ ಏಳತಿದ್ದೆ. ಇವತ್ತ ಹೊಟ್ಟಿ ತುಂಬ ತಿಂದೆ. ಮುಳ್ಳ ಇಲ್ಲ ಅನ್ನೂದ ಒಂದ ಕುಂದು ನೋಡ್ರಿ, ಬಾಯಾರ" ಎಂದ. ತುಪ್ಪ ಹಾಕು ಎಂದು ಎಲೆ ತೋರಿಸಿದ. ಬಾಯವ್ವ ಬಂದು ನನ್ನನ್ನು ಅಪ್ಪಿಕೊಂಡಳು, ಮಡಿಗಿಡಿ ಏನನ್ನೂ ನೋಡದೆ. ನಾನೂ ನೋಡಲಿಲ್ಲ.

ಅಂದಿನಿಂದ ಹಿನ್ನೀರಿನ ಊರುಗಳಲ್ಲಿ ಯಾವ ಮದುವೆಯಾದರೂ ಬೀಗರ ಎಲೆಗೆ ನನ್ನ ಕೈಯ ಸಿಹಿ ಬಾಳಿಯೇ ಬೇಕು. ಶಂಕರೆಪ್ಪ ತನ್ನ ಮಗನ ಮದುವೆಗೆ ಎರಡು ಮಾಡಿಸಿದ. ನಿಜವಾದ ಬಾಳಿಯೂ ಹೆಚ್ಚಿತು. ಮಿರಗದ ಹೊಸ ನೀರು ಬಂದಾಗ ಊರಿಗೆ ಊರೇ ಹಳ್ಳದ ದಂಡೆಗೆ ಹೋಗುತ್ತದೆ, ಬಲೆ ಹಿಡಿದಲ್ಲ, ಬರಿಗೈಯಲ್ಲಿ. ಕೆಂಪು ನೀರಿನಲ್ಲಿ ಬಾಳಿಗಳು ಬೆನ್ನು ತೋರಿಸುತ್ತಾ ಮೇಲೇರುವುದನ್ನು ಕಂಡರೆ ಚಿಕ್ಕವರು ದೊಡ್ಡವರೆಂಬುದಿಲ್ಲದೆ ಕೇಕೆ ಹಾಕುತ್ತಾರೆ. ಹೋದ ಸಲ ಜ್ಯೋತ್ಸ್ನಾ ಮೇಡಂ ಕೂಡ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಿಂತು ಕೇಕೆ ಹಾಕಿದರು. ಈಗ ನಾನೂ ಹೋಗುತ್ತೇನೆ. ಸೆರಗು ಮೂಗಿಗೆ ಹಿಡಿಯುವುದಿಲ್ಲ.

ಈ ಬೇಸಿಗೆಯಲ್ಲಿ ಅನ್ನಪೂರ್ಣಾ ಬಾಣಂತನಕ್ಕೆ ಬಂದಳು, ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಮಲಕಾಜಪ್ಪ ರಾಮದುರ್ಗದಿಂದ ಬಂದು, ಕೂಸಿನ ಮುಖ ನೋಡಿ ಕರಗಿ ಹೋದ. "ಮನಿ ಬಿಕೋ ಅನ್ನಾಕ ಹತ್ತೇತಿ. ನಾಳೆ ತಾಯಿ ಮಗಳನ ಕರಕೊಂಡ ಹೊಂಟೆ" ಎಂದು ಹಟ ಹಿಡಿದ. ಇನ್ನೂ ಹಸಿ ಬಾಣಂತಿ, ಮಳೆಗಾಲವಾದರೂ ಕಳೆಯಲಿ ಎಂದು ಬಾಯವ್ವನ ಆಸೆ. ಬೀಗರಿಗೆ ಎದುರಾಡುವುದು ಹೇಗೆ? ಅವಳು ನಮ್ಮವರ ಮುಖವನ್ನು ನೋಡಿದಳು.

ಇವರು ಎದ್ದರು. ತೊಟ್ಟಿಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಮಲಗಿದ್ದ ಕೂಸಿನ ಪಕ್ಕ ಕೈಯನ್ನು ಮೆಲ್ಲಗೆ ಚಾಚಿದರು. ಬೆರಳುಗಳನ್ನು ಎಷ್ಟು ಉದ್ದಕ್ಕೆ ಸಾಧ್ಯವೋ ಅಷ್ಟು ಉದ್ದಕ್ಕೆ ಚಾಚಿದರು. ಆಮೇಲೆ ಅಡತಿ ಅಂಗಡಿಯಲ್ಲಿ ತೂಕ ಕೂಗುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಹೇಳಿದರು: "ಎರಡ ಮೊಳ ಆಗಿಲ್ಲ. ಸಣ್ಣದದ. ಒಯ್ಯಲಿಕ್ಕೆ ಬರಂಗಿಲ್ಲ, ನಮ್ಮ ನೀರಾಗನ ಬಿಡಬೇಕು. ದೊಡ್ಡಾಕಿ ಆಗಿ ಬರ್ತಾಳ."

ಮನೆ ತುಂಬ ನಗು. ಬಾಯವ್ವ ಕುಣಿಯುವುದೊಂದು ಬಾಕಿ. ಮಲಕಾಜಪ್ಪ ಮಾತ್ರ ತೊಟ್ಟಿಲ ಹಗ್ಗ ಹಿಡಿದು, ಹಲ್ಲಿಲ್ಲದ ಬಾಯಲ್ಲಿ ಅಂಗಲಾಚಿದ: "ಒಂದೀಟ ಬೆರಳ ಮಡಚ್ರಿ, ಆಚಾರ್ರ!"